ಮಿಲ್ಲಿನಲ್ಲಿ ವೆಬ್‌ಮೇಲ್ ತೆರೆಯದಿದ್ದರೆ ಎಲ್ಲಿಂದ ಹುಡುಕಬೇಕು?

"ಅಣ್ಣಾ, ಮೇಲ್ ಓಪನ್ ಆಗವಲ್ದು. ಚೆನ್ನೈ ಪಾರ್ಟಿ ಆರ್ಡರ್ ಕಳಿಸೇನಿ ಅಂತಾನ. ಲಾರಿ ಗೇಟಿನ್ಯಾಗ ನಿಂತೈತಿ."

ಭತ್ತದ ಸುಗ್ಗಿ ಶುರುವಾಯಿತೆಂದರೆ ಗಂಗಾವತಿಯಲ್ಲಿ ನನ್ನ ಫೋನಿಗೆ ಬಿಡುವಿಲ್ಲ. ನನ್ನದು ಕಂಪ್ಯೂಟರ್, ನೆಟ್‌ವರ್ಕ್ ರಿಪೇರಿ ಕೆಲಸ. ಗಿರಾಕಿಗಳಲ್ಲಿ ಜಾಸ್ತಿ ಜನ ರೈಸ್ ಮಿಲ್ಲಿನವರು. ಈ ಊರಿನವರು, ಕಾರಟಗಿಯವರು, ಸಿಂಧನೂರಿನವರು. ಈಗ ಮಿಲ್ಲಿನ ಹೆಸರಲ್ಲೇ ಡೊಮೇನ್, ಅಂದರೆ ಇಂಟರ್ನೆಟ್ ವಿಳಾಸ, ಇರುತ್ತದೆ. ಮೇಲ್ ಸರ್ವರ್ ಎಲ್ಲೋ ದೂರದ ಹೋಸ್ಟಿಂಗ್ ಕಂಪನಿಯಲ್ಲಿ ಇರುತ್ತದೆ. ಗುಮಾಸ್ತರು ಬ್ರೌಸರ್‌ನಲ್ಲಿ ವಿಳಾಸ ಹೊಡೆದು ಮೇಲ್ ನೋಡುತ್ತಾರೆ. ಅವರಿಗೂ ಆ ಸರ್ವರ್‌ಗೂ ನಡುವೆ ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್ಚು, ಎಲ್ಲರ ಪರವಾಗಿ ಸೈಟು ತಂದುಕೊಡುವ ಪ್ರಾಕ್ಸಿ, ಬೇಡವಾದದ್ದನ್ನು ತಡೆಯುವ ಫೈರ್‌ವಾಲ್, ಫೈಬರ್ ಮೋಡೆಮ್ ಸಾಲಾಗಿ ಕೂತಿರುತ್ತವೆ. ಇವುಗಳಲ್ಲಿ ಯಾವುದು ಅಡ್ಡ ನಿಂತಿದೆ ಅನ್ನುವುದೇ ಪ್ರಶ್ನೆ.

ನಾನು ಮೊದಲು ಕೇಳುವುದು, "ಸ್ಕ್ರೀನ್ ಮ್ಯಾಲೆ ಏನ್ ಬಂದೈತಿ?" ಉತ್ತರ ಯಾವಾಗಲೂ ಒಂದೇ. "ಏನೋ ಇಂಗ್ಲಿಷ್‌ನ್ಯಾಗ ಬಂದಿತ್ತಣ್ಣ. ಕಟ್ ಮಾಡಿದೆ." ಕಟ್ ಮಾಡಿದ ಆ ಪುಟದಲ್ಲೇ ಅರ್ಧ ಉತ್ತರ ಇತ್ತು. ಅದಕ್ಕೇ ಎಲ್ಲರಿಗೂ ಹೇಳಿಟ್ಟಿದ್ದೇನೆ: ಮುಚ್ಚಬೇಡಿ, ಫೋಟೋ ತೆಗೆದು ವಾಟ್ಸಾಪ್ ಮಾಡಿ.

ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ಹೊಲಕ್ಕೆ ನೀರು ಬಾರದಿದ್ದರೆ ರೈತ ತನ್ನ ಹೊಲ ಅಗೆಯುತ್ತ ಕೂರುವುದಿಲ್ಲ. ನಾಲೆಯ ಗುಂಟ ನಡೆಯುತ್ತಾನೆ. ನೀರು ಎಲ್ಲಿಯವರೆಗೆ ಬಂದಿದೆ, ಯಾವ ತೂಬಿನ ಹತ್ತಿರ ನಿಂತಿದೆ ಅಂತ ನೋಡುತ್ತಾನೆ. ಇಲ್ಲಿಯೂ ಅಷ್ಟೇ ಕೆಲಸ.

ಏನನ್ನೂ ಮುಟ್ಟುವ ಮೊದಲು

ಫೋನಿನ ವೈಫೈ ಆಫ್ ಮಾಡಿ. ಮೊಬೈಲ್ ಡೇಟಾದಲ್ಲಿ ಅದೇ ವೆಬ್‌ಮೇಲ್ ವಿಳಾಸ ತೆರೆಯಿರಿ. ಅಲ್ಲೂ ತೆರೆಯದಿದ್ದರೆ ಮಿಲ್ಲಿನ ಪೆಟ್ಟಿಗೆಗಳ ತಪ್ಪೇನೂ ಇಲ್ಲ. ಡೊಮೇನ್‌ಗೆ ದುಡ್ಡು ಕಟ್ಟಿಲ್ಲವೋ, ಸೈಟಿನ ಗುರುತು ಹೇಳುವ ಸರ್ಟಿಫಿಕೇಟಿನ ಅವಧಿ ಮುಗಿದಿದೆಯೋ, ಸರ್ವರ್ ಬಿದ್ದಿದೆಯೋ, ಹೋಸ್ಟಿಂಗ್‌ನವರನ್ನು ಕೇಳಿ. ಡೊಮೇನ್ ರಿನ್ಯೂ ಮಾಡುವುದು ಮರೆತು, ಫೈರ್‌ವಾಲ್‌ಗೆ ಬೈಯುತ್ತ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಫೋನಿನಲ್ಲಿ ತೆರೆಯಿತು ಅಂದರೆ, ತೊಂದರೆ ಕೊಡುತ್ತಿರುವ ಕಂಪ್ಯೂಟರನ್ನೇ ಆ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ. ಈಗ ಮೇಲ್ ಬಂದರೆ ಮಿಲ್ಲಿನ ನೆಟ್‌ವರ್ಕ್ ಕಡೆ ನೋಡಬೇಕು. ಬಾರದಿದ್ದರೆ ಆ ಕಂಪ್ಯೂಟರ್‌ನಲ್ಲೇ ಏನೋ ಇದೆ. ಇಲ್ಲಿ ಒಂದು ಮೋಸ ಇದೆ. ಬ್ರೌಸರ್‌ನಲ್ಲಿ ಪ್ರಾಕ್ಸಿ ವಿಳಾಸವನ್ನು ಕೈಯಾರೆ ಹಾಕಿದ್ದರೆ, ಹಾಟ್‌ಸ್ಪಾಟ್‌ಗೆ ಹೋದ ಮೇಲೂ ಅದು ಮಿಲ್ಲಿನ ಪ್ರಾಕ್ಸಿಯನ್ನೇ ಹುಡುಕುತ್ತದೆ. ಆಗ ಯಾವ ಸೈಟೂ ತೆರೆಯುವುದಿಲ್ಲ. ಪರೀಕ್ಷೆ ಮಾಡುವಷ್ಟು ಹೊತ್ತು ಪ್ರಾಕ್ಸಿ ಆಫ್ ಮಾಡಿ. ಆಮೇಲೆ ಮರೆಯದೆ ಆನ್ ಮಾಡಿ. ಲ್ಯಾಪ್‌ಟಾಪ್ ಮನೆಗೆ ಒಯ್ದವರು "ಮನ್ಯಾಗ ನೆಟ್ ಹೋಗೈತಿ" ಅನ್ನುವುದೂ ಇದೇ ಕಾರಣಕ್ಕೆ.

ಎರಡೂ ಪರೀಕ್ಷೆಗೆ ಐದು ನಿಮಿಷ ಸಾಕು. ಇದನ್ನು ಬಿಟ್ಟು ಮೋಡೆಮ್ ರೀಸೆಟ್ ಗುಂಡಿ ಒತ್ತುವವರಿಗೆ ಏನು ಹೇಳಲಿ! ರೀಸೆಟ್ ಆದ ಮೋಡೆಮ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತೆ ಹಾಕಬೇಕು. ಅದು ಯಾರ ಹತ್ತಿರ ಇದೆ ಅಂತ ಹುಡುಕುವಷ್ಟರಲ್ಲಿ ಸಂಜೆಯಾಗುತ್ತದೆ.

ಆ ಪುಟ ಯಾರು ಬರೆದದ್ದು?

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಇದು. ಎರರ್ ಪುಟ ನಾಲ್ಕು ಕಡೆಯಿಂದ ಬರಬಹುದು. ಬ್ರೌಸರ್ ತಾನೇ ತೋರಿಸಬಹುದು, ಪ್ರಾಕ್ಸಿ ಕಳಿಸಬಹುದು, ಫೈರ್‌ವಾಲ್ ಕಳಿಸಬಹುದು, ದೂರದ ಸರ್ವರ್ ಕಳಿಸಬಹುದು. ಬರೆದವರು ಗೊತ್ತಾದರೆ ಮಾತು ಎಲ್ಲಿಯವರೆಗೆ ತಲುಪಿದೆ ಅಂತ ಗೊತ್ತಾಗುತ್ತದೆ. ವೆಬ್‌ಮೇಲ್‌ನ ಲಾಗಿನ್ ಪುಟವೇ ಬಂದು "ಪಾಸ್‌ವರ್ಡ್ ತಪ್ಪು" ಅಂದರೆ ದಾರಿ ಪೂರ್ತಿ ಸರಿಯಿದೆ. ಫೈರ್‌ವಾಲ್ ಕಂಪನಿಯ ಗುರುತು, "ಬ್ಲಾಕ್ಡ್" ಅನ್ನುವ ಮಾತು ಇದ್ದರೆ, ಯಾರೋ ವೆಬ್‌ಮೇಲ್ ಅನ್ನುವ ವರ್ಗವನ್ನೇ ನಿಷೇಧದ ಪಟ್ಟಿಗೆ ಹಾಕಿದ್ದಾರೆ. ಅದು ದೋಷ ಅಲ್ಲ, ಯಾರೋ ತೆಗೆದುಕೊಂಡ ತೀರ್ಮಾನ. ಸಾಹುಕಾರರನ್ನು ಕೇಳಿ ತೆಗೆಸಿ. ತಡೆ ದಾಟಲು ಕದ್ದು ವಿಪಿಎನ್ ಹಾಕಿಕೊಳ್ಳಬೇಡಿ.

ಬ್ರೌಸರ್ ತೋರಿಸುವ ಪುಟಗಳಲ್ಲೂ ವ್ಯತ್ಯಾಸ ಇದೆ. ಹೆಸರು ಸಿಗಲಿಲ್ಲ ಅಂದರೆ ಡಿಎನ್‌ಎಸ್ ತೊಂದರೆ. ಸೈಟಿನ ಹೆಸರನ್ನು ಐಪಿ ಅನ್ನುವ ಅಂಕಿಯ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ ಅದು. "ರೆಫ್ಯೂಸ್ಡ್" ಅಂತ ತಕ್ಷಣ ಬಂದರೆ ಆ ಕಡೆಯಿಂದ ಯಾರೋ ಸ್ಪಷ್ಟವಾಗಿ ಬೇಡ ಅಂದಿದ್ದಾರೆ. ಬಹಳ ಹೊತ್ತು ಸುತ್ತಿ ಸುತ್ತಿ "ಟೈಮ್ಡ್ ಔಟ್" ಅಂತ ಬಂದರೆ ಕಳಿಸಿದ ಪ್ಯಾಕೆಟ್‌ಗೆ, ಅಂದರೆ ಮಾಹಿತಿಯ ತುಣುಕಿಗೆ, ಉತ್ತರವೇ ಬಂದಿಲ್ಲ. ಬೇಡವಾದದ್ದನ್ನು ಸುಮ್ನೆ ಎಸೆದುಬಿಡುವುದು ಫೈರ್‌ವಾಲ್‌ಗಳ ಮಾಮೂಲಿ ರೀತಿ. ಹಾಗಾಗಿ ಕಾದು ಕಾದು ಸೋತರೆ ನಾನು ಮೊದಲು ಫೈರ್‌ವಾಲ್ ಕಡೆ ನೋಡುತ್ತೇನೆ. "ಪ್ರಾಕ್ಸಿ ಕನೆಕ್ಷನ್ ಫೇಲ್ಡ್" ಅಂದರೆ ಕಂಪ್ಯೂಟರ್ ಪ್ರಾಕ್ಸಿಯನ್ನೇ ಮುಟ್ಟಿಲ್ಲ. "ಟನಲ್ ಕನೆಕ್ಷನ್ ಫೇಲ್ಡ್" ಅಂದರೆ ಪ್ರಾಕ್ಸಿಯವರೆಗೆ ಹೋಗಿದೆ, ಪ್ರಾಕ್ಸಿ ಮುಂದಕ್ಕೆ ಬಿಟ್ಟಿಲ್ಲ. ಎರಡೂ ಓದಲು ಒಂದೇ ಥರ ಕಾಣುತ್ತವೆ, ಅಲ್ವಾ? ಆದರೆ ಹುಡುಕಬೇಕಾದ ಜಾಗ ಬೇರೆ ಬೇರೆ.

ಲಾರಿ ನಿಂತ ಮಿಲ್ಲಿನ ಕಥೆ

ಆವತ್ತು ಬಂದ ಫೋಟೋದಲ್ಲಿ ಇದ್ದದ್ದು ಟನಲ್ ಅನ್ನುವ ಎರಡನೆಯ ಮಾತು. ಗೂಗಲ್ ತೆರೆಯುತ್ತದೆ, ಬ್ಯಾಂಕ್ ತೆರೆಯುತ್ತದೆ, ಇ-ವೇ ಬಿಲ್ ತೆರೆಯುತ್ತದೆ. ವೆಬ್‌ಮೇಲ್ ಮಾತ್ರ ಇಲ್ಲ. "ನಿನ್ನೆ ತನ ಚಲೋ ಇತ್ತು, ಏನೂ ಮುಟ್ಟಿಲ್ಲಣ್ಣ" ಅಂದರು. ಮುಟ್ಟದೆ ಏನೂ ಕೆಡುವುದಿಲ್ಲ ಅಂತ ನನ್ನ ಅನುಭವ. ಆದರೆ ಮುಟ್ಟಿದವರು ಮಿಲ್ಲಿನವರೇ ಆಗಿರಬೇಕಂತಿಲ್ಲ.

ಅಲ್ಲಿ ಮೂಲೆಯ ಹಳೇ ಕಂಪ್ಯೂಟರ್ ಒಂದರಲ್ಲಿ ಸ್ಕ್ವಿಡ್ ಅನ್ನುವ ಪ್ರಾಕ್ಸಿ ತಂತ್ರಾಂಶ ಓಡುತ್ತದೆ. ಸ್ಕ್ವಿಡ್ ಮಾಮೂಲಾಗಿ ಕೂರುವ ಪೋರ್ಟ್, ಅಂದರೆ ಯಂತ್ರದ ಬಾಗಿಲಿನ ನಂಬರ್, 3128. ಹಾಕಿದವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಬಹಳ ದಿನ ಆಗಿದೆ. ಹೊಟ್ಟಿನ ಧೂಳು ಕೂತು ಫ್ಯಾನ್ ಗರ್ ಅನ್ನುತ್ತಿತ್ತು. ಆದರೂ ಪ್ರಾಕ್ಸಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಸಾಮಾನ್ಯ ಸೈಟಿಗೆ ಬ್ರೌಸರ್ ಪ್ರಾಕ್ಸಿಯನ್ನು "ಈ ಪುಟ ತಂದುಕೊಡು" ಅಂತ ಕೇಳುತ್ತದೆ. ಬೀಗದ ಗುರುತಿನ ಸುರಕ್ಷಿತ ಸೈಟಿಗೆ ಹಾಗಲ್ಲ. "ಈ ಸರ್ವರ್‌ನ ಈ ಪೋರ್ಟ್‌ವರೆಗೆ ಒಂದು ಕೊಳವೆ ಹಾಕಿಕೊಡು, ಒಳಗೇನು ಹರಿಯುತ್ತದೆ ಅಂತ ನೋಡಬೇಡ" ಅಂತ ಕೇಳುತ್ತದೆ. ಆ ಕೇಳಿಕೆಯ ಹೆಸರು ಕನೆಕ್ಟ್. ಸ್ಕ್ವಿಡ್‌ನ ಮೂಲ ಸೆಟ್ಟಿಂಗ್‌ನಲ್ಲಿ ಇಂಥ ಕೊಳವೆಗೆ ಒಪ್ಪಿಗೆ ಇರುವುದು ಸುರಕ್ಷಿತ ಸೈಟುಗಳ ಮಾಮೂಲಿ ಬಾಗಿಲಾದ 443ನೇ ಪೋರ್ಟ್‌ಗೆ ಮಾತ್ರ. ಸಿಪ್ಯಾನೆಲ್ ಅನ್ನುವ ನಿರ್ವಹಣಾ ತಂತ್ರಾಂಶ ಇರುವ ಹೋಸ್ಟಿಂಗ್‌ನಲ್ಲಿ ವೆಬ್‌ಮೇಲ್ ಸುರಕ್ಷಿತವಾಗಿ ಸಿಗುವುದು 2096ನೇ ಪೋರ್ಟ್‌ನಲ್ಲಿ. ಅಸುರಕ್ಷಿತವಾಗಿ ಸಿಗುವುದು 2095ರಲ್ಲಿ.

ಈಗ ತಮಾಷೆ ನೋಡಿ. ಅದೇ ಮೂಲ ಸೆಟ್ಟಿಂಗ್‌ನಲ್ಲಿ ಕೊಳವೆ ಬೇಡದ ಸಾಮಾನ್ಯ ಪುಟಗಳಿಗೆ 1025ರಿಂದ 65535ರವರೆಗಿನ ಎಲ್ಲ ಪೋರ್ಟೂ ತೆರೆದಿದೆ. ಅಂದರೆ ಪಾಸ್‌ವರ್ಡ್ ಬಯಲಲ್ಲಿ ಹೋಗುವ 2095ಕ್ಕೆ ದಾರಿ ಇದೆ. ಬೀಗ ಹಾಕಿಕೊಂಡು ಹೋಗುವ 2096ಕ್ಕೆ ಇಲ್ಲ! ಮಿಲ್ಲಿನವರು ಇಷ್ಟು ದಿನ ಗೊತ್ತಿಲ್ಲದೆ 2095ರಲ್ಲೇ ಮೇಲ್ ನೋಡುತ್ತಿದ್ದರು. ಹೋಸ್ಟಿಂಗ್‌ನವರು ಹಿಂದಿನ ರಾತ್ರಿ ಅಸುರಕ್ಷಿತ ದಾರಿ ಮುಚ್ಚಿ, ಬಂದವರನ್ನೆಲ್ಲ 2096ಕ್ಕೆ ಕಳಿಸತೊಡಗಿದರು. ಅವರು ಮಾಡಿದ್ದು ಸರಿಯೇ. ಪ್ರಾಕ್ಸಿ ಮಾಡಿದ್ದೂ ನಿಯಮದ ಪ್ರಕಾರವೇ. ಇಬ್ಬರ ನಡುವೆ ಮೇಲ್ ನಿಂತಿತು.

ಇದು ಗೊತ್ತಾದದ್ದು ಪ್ರಾಕ್ಸಿಯ ಲಾಗ್‌ನಿಂದ, ಅಂದರೆ ಅದು ಬರೆದಿಡುವ ದಿನಚರಿಯಿಂದ. ಸುರಕ್ಷಿತ ಸೈಟಿನ ವಿಷಯದಲ್ಲಿ ಪ್ರಾಕ್ಸಿ ಕಾರಣ ಬರೆದು ಕಳಿಸಿದರೂ ಬ್ರೌಸರ್ ಅದನ್ನು ತೋರಿಸುವುದಿಲ್ಲ, ತನ್ನದೇ ಪುಟ ಹಾಕುತ್ತದೆ. ಆದ್ದರಿಂದ ಲಾಗ್ ನೋಡದೆ ಬೇರೆ ದಾರಿ ಇಲ್ಲ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ವಾರ್ (var) ಅನ್ನುವ ಫೋಲ್ಡರ್‌ನ ಲಾಗ್ ಒಳಗೆ, ಸ್ಕ್ವಿಡ್ ಹೆಸರಿನಲ್ಲಿ ಇರುತ್ತದೆ. ಆಕ್ಸೆಸ್ ಲಾಗ್‌ನ ಕೊನೆಯ ಸಾಲುಗಳು ಓಡುತ್ತಿರುವಂತೆ ಟೇಲ್ ಆಜ್ಞೆಯಿಂದ ತೆರೆದಿಟ್ಟುಕೊಂಡು, ಗುಮಾಸ್ತರಿಗೆ "ಈಗ ಓಪನ್ ಮಾಡ್ರಿ" ಅನ್ನಿ. ಅವರ ಕಂಪ್ಯೂಟರ್‌ನ ಐಪಿ ಇರುವ ಸಾಲು ಹಾರಿ ಬರುತ್ತದೆ. ನಮಗೆ ಬಂದದ್ದು "ಡಿನೈಡ್", 403, ಕನೆಕ್ಟ್, 2096. ಅಲ್ಲಿಗೆ ಮುಗಿಯಿತು.

ಅದೇ ಜಾಗದಲ್ಲಿ 407 ಇದ್ದರೆ ಪ್ರಾಕ್ಸಿ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ ಅಂತ ಅರ್ಥ. ಒಂದು ನಿಮಿಷದಷ್ಟು ತಡವಾಗಿ 503 ಬಂದರೆ ಪ್ರಾಕ್ಸಿ ಒಪ್ಪಿದೆ, ಮುಂದಕ್ಕೆ ಪ್ರಯತ್ನವನ್ನೂ ಮಾಡಿದೆ, ಆ ಕಡೆಯಿಂದ ಉತ್ತರ ಬಂದಿಲ್ಲ. ಆಗ ಪ್ರಾಕ್ಸಿ ಬಿಟ್ಟು ಅದರ ಮುಂದಿನ ಫೈರ್‌ವಾಲ್ ನೋಡಿ. ಹೊರಹೋಗುವ ನಿಯಮದಲ್ಲಿ ಸಾಮಾನ್ಯ ಸೈಟಿನ 80, ಸುರಕ್ಷಿತ ಸೈಟಿನ 443 ಎರಡೇ ತೆರೆದಿರುವ ಫೈರ್‌ವಾಲ್‌ಗಳು ಬಹಳ. 200 ಬಂದಿದ್ದರೆ ಕೊಳವೆ ಸಿಕ್ಕಿದೆ, ತೊಂದರೆ ಬೇರೆ ಕಡೆ ಇದೆ.

ಸರಿಪಡಿಸಲು ಎರಡು ದಾರಿ. ಸ್ಕ್ವಿಡ್‌ನ ಸೆಟ್ಟಿಂಗ್ ಕಡತದಲ್ಲಿ ಕೊಳವೆಗೆ ಒಪ್ಪಿಗೆ ಇರುವ ಪೋರ್ಟ್‌ಗಳ ಪಟ್ಟಿಗೆ 2096 ಸೇರಿಸುವುದು ಒಂದು. ಸೇರಿಸಿದ ಮೇಲೆ ಮೊದಲು ಪಾರ್ಸ್ ಮಾಡಿ ತಪ್ಪಿಲ್ಲ ಅಂತ ನೋಡಿಕೊಂಡು ಆಮೇಲೆ ಹೊಸ ಸೆಟ್ಟಿಂಗ್ ಓದಿಕೋ ಅನ್ನುವ ರೀಕಾನ್ಫಿಗರ್ ಆಜ್ಞೆ ಕೊಡಿ. ಒಂದಕ್ಷರ ತಪ್ಪಿದರೆ ಇಡೀ ಮಿಲ್ಲಿನ ನೆಟ್ ನಿಲ್ಲುತ್ತದೆ. ನನಗೆ ಇಷ್ಟವಾದದ್ದು ಎರಡನೆಯದು. ಡೊಮೇನ್‌ನ ಮುಂದೆ ವೆಬ್‌ಮೇಲ್ ಅಂತ ಸೇರಿಸಿದ ವಿಳಾಸವನ್ನು ಹೆಚ್ಚಿನ ಸಿಪ್ಯಾನೆಲ್ ಹೋಸ್ಟಿಂಗ್‌ಗಳು 443ರಲ್ಲೇ ಕೊಡುತ್ತವೆ. ಬುಕ್‌ಮಾರ್ಕ್ ಬದಲಿಸಿದರೆ ಸಾಕು, ಪ್ರಾಕ್ಸಿ ಮುಟ್ಟುವುದೇ ಬೇಡ. ಆವತ್ತು ಹಾಗೇ ಮಾಡಿದೆವು. ಲಾರಿ ಹೊರಟಿತು. ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಕ್ಕಿತು.

ಇನ್ನೊಂದು ಮಾತು. ಪ್ರಾಕ್ಸಿ ಇರುವಲ್ಲಿ ಸೈಟಿನ ಹೆಸರನ್ನು ಐಪಿಗೆ ತಿರುಗಿಸುವುದು ನಿಮ್ಮ ಕಂಪ್ಯೂಟರ್ ಅಲ್ಲ, ಪ್ರಾಕ್ಸಿ. ಗುಮಾಸ್ತರ ಕಂಪ್ಯೂಟರ್‌ನಲ್ಲಿ, ಹೆಸರಿಗೆ ಐಪಿ ಕೇಳುವ ಎನ್‌ಎಸ್‌ಲುಕಪ್ ಆಜ್ಞೆ ಕೊಟ್ಟು "ಡಿಎನ್‌ಎಸ್ ಸರಿಯಿದೆ" ಅಂದುಕೊಳ್ಳಬೇಡಿ. ಪ್ರಾಕ್ಸಿ ಕಂಪ್ಯೂಟರ್‌ನಲ್ಲೇ ಮಾಡಿ. ಅದರ ಜತೆಗೆ ಆ ಯಂತ್ರದ ಹೋಸ್ಟ್ಸ್ ಕಡತವನ್ನೂ ತೆರೆದು ನೋಡಿ, ಎನ್‌ಎಸ್‌ಲುಕಪ್ ಅದನ್ನು ನೋಡುವುದಿಲ್ಲ. ಹೋಸ್ಟಿಂಗ್ ಬದಲಾದಾಗ, ಯಾರೋ ಹಿಂದೆ ಅಲ್ಲಿ ಬರೆದಿಟ್ಟ ಹಳೇ ಐಪಿ ಹಾಗೇ ಉಳಿದಿರಬಹುದು.

ಸರ್ಟಿಫಿಕೇಟ್ ಎಚ್ಚರಿಕೆ ಬಂದರೆ

ಮೊದಲು ಸ್ಕ್ರೀನಿನ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಹಳೇ ತಾರೀಕಿಗೆ ಜಾರುತ್ತದೆ. ಆಗ ಒಳ್ಳೇ ಸರ್ಟಿಫಿಕೇಟೂ ಅದಕ್ಕೆ ತಪ್ಪಾಗಿ ಕಾಣುತ್ತದೆ. ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಗಡಿಯಾರ ಸರಿ ಇದ್ದರೆ ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ತೆರೆದು ಓದಿ. ಅಲ್ಲಿ ನಿಮ್ಮ ಫೈರ್‌ವಾಲ್ ಕಂಪನಿಯ ಅಥವಾ ಆಂಟಿವೈರಸ್‌ನ ಹೆಸರಿದ್ದರೆ, ಅದು ಮಧ್ಯೆ ಕೂತು ಲಕೋಟೆ ಬಿಚ್ಚಿ ನೋಡಿ, ತನ್ನ ಮೊಹರು ಹಾಕಿ ಮುಂದೆ ಕಳಿಸುತ್ತಿದೆ. ಆ ಮೊಹರನ್ನು ಕಂಪ್ಯೂಟರ್‌ಗೆ ಪರಿಚಯ ಮಾಡಿಸಬಹುದು. ಅದಕ್ಕಿಂತ ಮೇಲ್ ಡೊಮೇನನ್ನು ತಪಾಸಣೆಯಿಂದ ಹೊರಗಿಡುವುದು ಮೇಲು ಅಂತ ನನ್ನ ಅಭಿಪ್ರಾಯ. ಗುರುತೇ ಇಲ್ಲದ ಹೆಸರು ಕಂಡರೆ "ಮುಂದುವರಿ" ಒತ್ತಿ ಪಾಸ್‌ವರ್ಡ್ ಹೊಡೆಯಬೇಡಿ. ಎಷ್ಟೇ ಅವಸರ ಇದ್ದರೂ ಬೇಡ.

ಟ್ಯಾಲಿಗೋಸ್ಕರ ವಿಂಡೋಸ್ 7 ಇಟ್ಟುಕೊಂಡವರು ಇನ್ನೂ ಇದ್ದಾರೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಅದರಲ್ಲಿ ಓಡುವ ಕೊನೆಯ ಕ್ರೋಮ್ 109. ಅಂಥ ಯಂತ್ರದಲ್ಲಿ ಮಾತ್ರ ಮೇಲ್ ತೆರೆಯದಿದ್ದರೆ ಫೈರ್‌ವಾಲ್ ಮೇಲೆ ಸಮಯ ಹಾಳು ಮಾಡಬೇಡಿ.

ತೆರೆಯುತ್ತದೆ, ಆದರೆ ನಿಲ್ಲುವುದಿಲ್ಲ

ಬಳ್ಳಾರಿಯ ಒಂದು ಜೀನ್ಸ್ ಘಟಕದ್ದು ಇದು. ಲಾಗಿನ್ ಆಗುತ್ತದೆ, ಇನ್‌ಬಾಕ್ಸ್ ಕಾಣುತ್ತದೆ. ಒಂದು ಮೇಲ್ ಒತ್ತಿದರೆ "ಸೆಷನ್ ಮುಗಿದಿದೆ" ಅಂತ ಮತ್ತೆ ಲಾಗಿನ್ ಪುಟ. ಕೆಲವು ಸಲ ಎರಡು ಮೇಲ್ ಓದಲು ಬಿಡುತ್ತದೆ, ಕೆಲವು ಸಲ ಒಂದನ್ನೂ ಇಲ್ಲ. ಪಾಸ್‌ವರ್ಡ್ ಬದಲಿಸಿದರು, ಬ್ರೌಸರ್ ಬದಲಿಸಿದರು, ಕುಕಿ ಅಳಿಸಿದರು.

ಅಲ್ಲಿ ಎರಡು ಇಂಟರ್ನೆಟ್ ಲೈನ್ ಇದ್ದವು. ಒಂದು ಹೋದರೆ ಇನ್ನೊಂದು ಇರಲಿ ಅಂತ. ಫೈರ್‌ವಾಲ್ ಮಾತ್ರ ಎರಡನ್ನೂ ಒಟ್ಟಿಗೆ ಬಳಸುತ್ತಿತ್ತು. ಒಂದು ಸಂಪರ್ಕ ಈ ಲೈನಿನಲ್ಲಿ, ಮುಂದಿನದು ಆ ಲೈನಿನಲ್ಲಿ. ಸರ್ವರ್‌ಗೆ ಒಂದೇ ಸೆಷನ್ ಎರಡು ಐಪಿಗಳಿಂದ ಬಂದಂತೆ ಕಾಣುತ್ತದೆ. ಕಳ್ಳರು ಸೆಷನ್ ಕದಿಯಬಾರದು ಅಂತ ಐಪಿ ಹೊಂದುತ್ತದೆಯೇ ಎಂದು ನೋಡುವ ವೆಬ್‌ಮೇಲ್‌ಗಳು ಇಂಥವರನ್ನು ಹೊರಗೆ ಹಾಕುತ್ತವೆ. ರೌಂಡ್‌ಕ್ಯೂಬ್ ಅನ್ನುವ ವೆಬ್‌ಮೇಲ್ ತಂತ್ರಾಂಶದಲ್ಲೂ ಆ ಆಯ್ಕೆ ಇದೆ, ಆದರೆ ಆನ್ ಮಾಡಿದರೆ ಮಾತ್ರ.

ಪತ್ತೆ ಸುಲಭ. ಒಂದು ಲೈನಿನ ಕೇಬಲ್ ಕಿತ್ತು ಹತ್ತು ನಿಮಿಷ ಮೇಲ್ ಓದಿ. ಒಮ್ಮೆಯೂ ಹೊರಗೆ ಬೀಳದಿದ್ದರೆ ಸಂಶಯ ನಿಜ. ಮೇಲ್ ಸರ್ವರ್‌ಗೆ ಹೋಗುವುದೆಲ್ಲ ಒಂದೇ ಲೈನಿನಲ್ಲಿ ಹೋಗಲಿ ಅಂತ ಫೈರ್‌ವಾಲ್‌ನಲ್ಲಿ ನಿಯಮ ಬರೆಯಿರಿ. ಆ ಲೈನ್ ಸತ್ತಾಗ ಮಾತ್ರ ಇನ್ನೊಂದಕ್ಕೆ ಹೋಗಲಿ.

ಸಣ್ಣ ಮೇಲ್ ಸರಿ, ದೊಡ್ಡದು ನೇತಾಡುತ್ತದೆ

ಲಾಗಿನ್ ಪುಟ ಬರುತ್ತದೆ, ಸರ್ವರ್ ಉತ್ತರಿಸುತ್ತದೆಯೇ ಅಂತ ನೋಡುವ ಪಿಂಗ್ ಆಜ್ಞೆಯೂ ಸರಿ. ಫೋಟೋ ಇರುವ ಮೇಲ್ ತೆರೆದರೆ, ಅಟ್ಯಾಚ್ ಮಾಡಿ ಕಳಿಸಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿಯ, ತೊಂದರೆ ಇರಬಹುದು. ಆಫೀಸಿನ ಕೇಬಲ್ ನೆಟ್‌ವರ್ಕ್ ಆದ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಪಿಪಿಪಿಒಇ ಲೈನಿನಲ್ಲಿ 1492 ಮಾತ್ರ. ದೊಡ್ಡದು ಬಂದರೆ "ಸಣ್ಣದು ಮಾಡಿ ಕಳಿಸು" ಅನ್ನುವ ಸಂದೇಶ ವಾಪಸ್ ಹೋಗಬೇಕು. ನೆಟ್‌ವರ್ಕ್ ಪೆಟ್ಟಿಗೆಗಳ ಇಂಥ ಸಂದೇಶಗಳಿಗೆ ಐಸಿಎಂಪಿ ಅಂತ ಹೆಸರು, ಪಿಂಗ್ ಕೂಡ ಅದರದ್ದೇ. ಐಸಿಎಂಪಿ ಅಪಾಯ ಅಂತ ಯಾರೋ ಫೈರ್‌ವಾಲ್‌ನಲ್ಲಿ ಪಿಂಗ್ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಟ್ಟಿರುತ್ತಾರೆ. ಸಂದೇಶ ಹೋಗುವುದಿಲ್ಲ, ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಸಾಯುತ್ತದೆ.

ವಿಂಡೋಸ್‌ನ ಪಿಂಗ್‌ನಲ್ಲಿ ಒಡೆಯಬೇಡ ಅನ್ನುವ ಎಫ್ ಆಯ್ಕೆ, ಗಾತ್ರದ ಎಲ್ ಆಯ್ಕೆ ಇವೆ. 1472 ಕೊಟ್ಟು ನೋಡಿ, ಆಮೇಲೆ 1464 ಕೊಡಿ. ಅದಕ್ಕೆ ಪ್ಯಾಕೆಟ್‌ನ ವಿಳಾಸದ ಭಾಗವಾದ ಹೆಡರ್‌ನ 28 ಬೈಟ್ ಸೇರಿದರೆ 1500 ಮತ್ತು 1492 ಆಗುತ್ತದೆ. ಎರಡನೆಯದು ಹೋಗಿ ಮೊದಲನೆಯದು ಹೋಗದಿದ್ದರೆ ಮೋಡೆಮ್ ಅಥವಾ ಫೈರ್‌ವಾಲ್‌ನಲ್ಲಿ ಎಂಎಸ್‌ಎಸ್, ಅಂದರೆ ಹೆಡರ್ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಹೋಗುವ ಮಾಹಿತಿಯ ಮಿತಿ, 1452ಕ್ಕೆ ಇಳಿಸಿ. ಈ ಐಸಿಎಂಪಿ ಮುಚ್ಚುವ ಚಟ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಟ್ಯಾಚ್‌ಮೆಂಟ್‌ಗೆ 413 ಅಂತ ಸಂಖ್ಯೆ ಬಂದರೆ ಕಥೆ ಬೇರೆ. ಸರ್ವರ್ ಅಥವಾ ಅದರ ಮುಂದಿನ ಪ್ರಾಕ್ಸಿ "ಇಷ್ಟು ದೊಡ್ಡದು ಬೇಡ" ಅಂದಿದೆ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶದ ಮೂಲ ಮಿತಿ 1 ಎಂಬಿ ಅಷ್ಟೇ.

ಮೇಲ್ ಸರ್ವರ್ ನಿಮ್ಮಲ್ಲೇ ಇದ್ದರೆ

ಕೊಪ್ಪಳದ ಕಡೆ ಕೆಲವು ಕಾರ್ಖಾನೆಗಳಲ್ಲಿ ಸರ್ವರ್ ಆಫೀಸಿನೊಳಗೇ ಇರುತ್ತದೆ. ಅಲ್ಲಿ ಎರಡು ಥರ ದೂರು. ಒಳಗೆ ತೆರೆಯುತ್ತದೆ, ಬೆಂಗಳೂರಿಗೆ ಹೋದ ಮಾಲೀಕರಿಗೆ ತೆರೆಯುವುದಿಲ್ಲ ಅಂದರೆ, ಹೊರಗಿಂದ ಬಂದವರನ್ನು ಒಳಗಿನ ಸರ್ವರ್‌ಗೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ನೋಡಿ. ಅದಕ್ಕೂ ಮೊದಲು ರೂಟರ್‌ನ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಲೈನಿನ ಕಡೆಯ ಐಪಿ, ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ಹೊರಗಿನವರಿಗೆ ಕಾಣುವ ಸ್ವಂತ ಪಬ್ಲಿಕ್ ಐಪಿ ನಿಮಗಿಲ್ಲ, ಬಹಳ ಜನರ ಜತೆ ಒಂದನ್ನೇ ಹಂಚಿಕೊಂಡಿದ್ದೀರಿ. ಎಷ್ಟು ಫಾರ್ವರ್ಡ್ ಮಾಡಿದರೂ ಉಪಯೋಗವಿಲ್ಲ. ಲೈನ್ ಕೊಟ್ಟವರಿಂದ ಸ್ಟ್ಯಾಟಿಕ್, ಅಂದರೆ ಬದಲಾಗದ, ಪಬ್ಲಿಕ್ ಐಪಿ ಕೊಂಡುಕೊಳ್ಳಿ.

ಹೊರಗೆ ತೆರೆಯುತ್ತದೆ, ಒಳಗಿನವರಿಗೆ ತೆರೆಯುವುದಿಲ್ಲ ಅಂದರೆ ಅದು ಉಲ್ಟಾ ಕಥೆ. ಒಳಗಿನವರು ಹೆಸರು ಕೇಳಿದಾಗ ಪಬ್ಲಿಕ್ ಐಪಿ ಸಿಗುತ್ತದೆ. ಮನೆಯೊಳಗಿಂದ ಹೊರಗೆ ಹೋಗಿ ಅದೇ ಬಾಗಿಲಿಂದ ಮತ್ತೆ ಒಳಗೆ ಬರಬೇಕು. ಅದಕ್ಕೆ ಹಲವು ರೂಟರ್‌ಗಳು ಬಿಡುವುದಿಲ್ಲ. ಒಳಗಿನ ಡಿಎನ್‌ಎಸ್‌ನಲ್ಲಿ ಅದೇ ಹೆಸರಿಗೆ ಸರ್ವರ್‌ನ ಒಳ ಐಪಿ ಕೊಟ್ಟರೆ ಮುಗಿಯಿತು.

ಮಿಲ್ಲಿನದೇ ತಪ್ಪು ಅನ್ನಿಸಿದರೂ ಅಲ್ಲದ್ದು

ಒಂದು ಕೇಸು ನನ್ನನ್ನು ಮೂರು ದಿನ ಓಡಾಡಿಸಿತು. ಮೊಬೈಲ್ ಡೇಟಾದಲ್ಲಿ ಮೇಲ್ ಸರಿ. ಮಿಲ್ಲಿನ ಯಾವ ಕಂಪ್ಯೂಟರ್‌ನಲ್ಲೂ ಇಲ್ಲ. ಉಳಿದ ಸೈಟೆಲ್ಲ ಸರಿ. ಮೇಲೆ ಹೇಳಿದ ಲೆಕ್ಕದಲ್ಲಿ ತಪ್ಪು ಮಿಲ್ಲಿನ ಫೈರ್‌ವಾಲ್‌ನದೇ ಆಗಬೇಕು. ನಿಯಮ ಒಂದೊಂದಾಗಿ ತೆಗೆದು ನೋಡಿದೆ. ಸ್ವಲ್ಪ ಹೊತ್ತಿಗೆ ತಾನೇ ತೆರೆಯಿತು. ಗೆದ್ದೆ ಅಂತ ಮನೆಗೆ ಬಂದೆ. ಅರ್ಧ ಗಂಟೆಗೆ ಮತ್ತೆ ಫೋನ್.

ತಡೆ ಇದ್ದದ್ದು ಆ ತುದಿಯ, ಅಂದರೆ ಹೋಸ್ಟಿಂಗ್‌ನವರ, ಫೈರ್‌ವಾಲ್‌ನಲ್ಲಿ. ಸಾಹುಕಾರರ ಮಗ ಮೇಲ್ ಪಾಸ್‌ವರ್ಡ್ ಬದಲಿಸಿದ್ದ. ಸಾಹುಕಾರರ ಫೋನಿನಲ್ಲಿ ಹಳೆಯದೇ ಇತ್ತು. ಫೋನು ಮಿಲ್ಲಿನ ವೈಫೈಗೆ ಸೇರಿದ ಕೂಡಲೇ ಮೇಲ್ ಆಪ್ ತಪ್ಪು ಪಾಸ್‌ವರ್ಡ್ ಹೊಡೆಯುತ್ತ ಹೋಗುತ್ತಿತ್ತು. ಫೇಲ್‌ಟುಬ್ಯಾನ್ ಥರದ ಕಾವಲು ತಂತ್ರಾಂಶದ ಮೂಲ ಲೆಕ್ಕ ಹತ್ತು ನಿಮಿಷದಲ್ಲಿ ಐದು ತಪ್ಪು. ಆಮೇಲೆ ಆ ಐಪಿಗೆ ಹತ್ತು ನಿಮಿಷ ಬಾಗಿಲು ಬಂದ್. ಇಡೀ ಮಿಲ್ಲು ಹೊರಗೆ ಕಾಣುವುದು ಒಂದೇ ಪಬ್ಲಿಕ್ ಐಪಿಯಾಗಿ. ಹಾಗಾಗಿ ಒಬ್ಬರ ಫೋನಿಗೆ ಎಲ್ಲರಿಗೂ ಬಂದ್. ಸಾಹುಕಾರರು ಮಂಡಿಗೆ ಹೋದಾಗ ಮೇಲ್ ತೆರೆಯುತ್ತಿತ್ತು, ಬಂದು ಕೂತರೆ ನಿಲ್ಲುತ್ತಿತ್ತು.

ಕೊನೆಗೆ ಹೋಸ್ಟಿಂಗ್‌ನವರಿಗೆ ಮಿಲ್ಲಿನ ಪಬ್ಲಿಕ್ ಐಪಿ ಕೊಟ್ಟು, "ಇದು ನಿಮ್ಮ ಬ್ಲಾಕ್ ಪಟ್ಟಿಯಲ್ಲಿದೆಯಾ ನೋಡಿ" ಅಂದೆ. ಇತ್ತು. ಯಾವ ಖಾತೆಯ ಹೆಸರಲ್ಲಿ ತಪ್ಪು ಬರುತ್ತಿದೆ ಅಂತಲೂ ಅವರೇ ಹೇಳಿದರು. ಸಾಹುಕಾರರ ಫೋನು ಇಸಿದುಕೊಂಡು ಹೊಸ ಪಾಸ್‌ವರ್ಡ್ ಹಾಕಿದೆ. ಅವರು ಕನ್ನಡಕ ಏರಿಸಿ ನೋಡುತ್ತ, "ನಂದ್ ಫೋನಿಗೂ ಅವ್ರ ಕಂಪ್ಯೂಟರ್‌ಗೂ ಏನ್ ಸಂಬಂಧ ಪಾ?" ಅಂದರು. ಅದನ್ನು ವಿವರಿಸುವುದಕ್ಕೆ ರಿಪೇರಿಗಿಂತ ಜಾಸ್ತಿ ಹೊತ್ತು ಹಿಡಿಯಿತು.